ಪಕ್ಕದ ಷೆಡ್ಡಿನ ಕೆಂಪು ಕಾರು

ಪಕ್ಕದ ಷೆಡ್ಡಿನವರ ಬಲಗಿವಿಯ ಹಾಲೆಯ ಮೇಲೆ ಸದಾ ಒಂದು ಗ್ರೀಸಿನ ಬೊಟ್ಟು ಇರುತ್ತಿತ್ತು. ಓಡುವ ಇಂಜಿನ್‌ಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಒಳಗಿನ ಸದ್ದು ಕೇಳುವುದು ಅವರ ಅಭ್ಯಾಸ. ಹಿಡಿಯ ಜಿಡ್ಡು ಕಿವಿಗೆ ಅಂಟುತ್ತಿತ್ತು. "ದೃಷ್ಟಿಬೊಟ್ಟು ಅಂದ್ಕೊಳ್ಳಿ ಅಣ್ಣಾ, ಎಷ್ಟ್ ಒರೆಸಿದ್ರೂ ಹೋಗಲ್ಲ" ಎಂದು ಅವರ ಹೆಂಡತಿ ನಗುತ್ತಿದ್ದರು. ಆ ಬೊಟ್ಟು ಯಾರ ದೃಷ್ಟಿಗೆ ಬೇಕಾಗಿತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಪೀಣ್ಯದಲ್ಲಿ ನಮ್ಮಿಬ್ಬರ ಷೆಡ್ಡುಗಳ ನಡುವೆ ಇದ್ದದ್ದು ಒಂದೇ ಗೋಡೆ. ನನ್ನದು ಲೋಹ ಕೊರೆದು ಭಾಗ ಮಾಡುವ ಮಿಲ್ಲಿಂಗ್ ಕೆಲಸ, ಅವರದು ಹಳೆಯ ಇಂಜಿನ್‌ಗಳ ರಿಪೇರಿ. ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ ಅದು. ಇಬ್ಬರಿಗೂ ಕೆಲಸ ಕೊಡುತ್ತಿದ್ದ ಕಾರ್ಖಾನೆಯ ಮಾಲೀಕರೊಬ್ಬರ ಅಂಗಳದಲ್ಲಿ, ಟಾರ್ಪಾಲಿನ ಅಡಿ, ಎರಡೇ ಸೀಟಿನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರೊಂದು ನಿಂತಿತ್ತು. ಇಂಜಿನ್ ಜಾಮ್ ಆಗಿತ್ತು, ಟೈರುಗಳು ನೆಲಕ್ಕೆ ಅಂಟಿದ್ದವು. ಹೋದಾಗಲೆಲ್ಲ ಟಾರ್ಪಾಲಿನ ಅಂಚೆತ್ತಿ ನೋಡಿ ಬರುತ್ತಿದ್ದೆ. ನನಗೆ ಕೊಡಿ ಎಂದು ಕೇಳಲು ನಾಲಿಗೆ ಏಳಲಿಲ್ಲ. ಕೇಳಿದರೆ ಸಣ್ಣವನಾಗುತ್ತೇನೆ ಎಂಬ ಬಿಗುಮಾನ.

ಪಕ್ಕದ ಷೆಡ್ಡಿನವರು ಅದನ್ನು ಮೊದಲ ಸಲ ನೋಡಿದ ದಿನವೇ ಕೇಳಿದರು. "ಸಾರ್, ಯಾಕ್ ಇದನ್ನ ಕೊಳೆಯೋಕ್ ಬಿಟ್ಟಿದ್ದೀರಾ? ನಂಗ್ ಕೊಟ್ಬಿಡಿ, ಓಡಿಸಿ ತೋರಿಸ್ತೀನಿ." ಮಾಲೀಕರು ನಕ್ಕು, ತಗೊಂಡು ಹೋಗು ಎಂದರು. ಮರುದಿನ ಕಾರು ನನ್ನ ಬಾಗಿಲ ಮುಂದೆಯೇ ಹಾದು ಅವರ ಷೆಡ್ಡಿಗೆ ಹೋಯಿತು, ಟೆಂಪೋಗೆ ಹಗ್ಗ ಕಟ್ಟಿಸಿಕೊಂಡು. "ಹೆಂಗ್ರೀ ಕೇಳಿದ್ರಿ?" ಎಂದೆ. "ಕೇಳೋಕೇನ್ ಗುರುಗಳೇ, ಬಾಯಿ ನಮ್ದೇ ತಾನೇ?" ಎಂದರು. ಅದು ಅವರ ಮಂತ್ರ. ಆವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಹಳೆಯ ಇಂಜಿನ್ ರಿಪೇರಿಯಾಗುವಂತಿರಲಿಲ್ಲ. ಗುಜರಿಯಲ್ಲಿ ಮೂತಿ ಜಜ್ಜಿಹೋಗಿದ್ದ ಹೊಸ ಕಾರೊಂದರ ಇಂಜಿನ್ ತಂದರು. ಅದನ್ನು ನೋಡಿ ನನಗೆ ಸಮಾಧಾನವಾಯಿತು, ಇದು ಖಂಡಿತ ಕೂರುವುದಿಲ್ಲ ಎಂದು. ಅದರ ಬೋಲ್ಟಿನ ತೂತುಗಳಿಗೂ ಹಳೆಯ ಗೇರ್‌ಬಾಕ್ಸಿನ ತೂತುಗಳಿಗೂ ತಾಳಮೇಳವೇ ಇರಲಿಲ್ಲ. ನಡುವೆ ಒಂದು ದಪ್ಪ ಪ್ಲೇಟು ಬೇಕಿತ್ತು. ಕೇಳಲು ಬಂದವರು ನನ್ನ ಹತ್ತಿರವೇ ಬಂದರು.

ಮಾಡಿಕೊಟ್ಟೆ. ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆ ಇರುತ್ತದೆ. ನನ್ನ ಮಿಷಿನ್ನಿನಿಂದ ಇಳಿದ ಮಾಲು ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಪ್ಲೇಟು ಬೆರಳಿಗೆ ಉಂಗುರ ಕೂತ ಹಾಗೆ ಕೂತಿತು. ಅವರು ಸುಮ್ಮನಿದ್ದಿದ್ದರೆ ಮನಸ್ಸಿನಲ್ಲೇ ಬೈದುಕೊಂಡು ಇರುತ್ತಿದ್ದೆ. ಆದರೆ ಟೀ ಅಂಗಡಿಯಲ್ಲಿ ಸಿಕ್ಕಿದವರಿಗೆಲ್ಲ, "ಪ್ಲೇಟ್ ನಮ್ ಗುರುಗಳದ್ದು ಕಣ್ರೀ" ಎಂದು ಸಾರಿಕೊಂಡು ಬಂದರು. ಬೈಯುವ ಸುಖವೂ ಇಲ್ಲದಂತಾಯಿತು.

ಹೊಸ ಇಂಜಿನ್ ಉದ್ದ ಹೆಚ್ಚು. ಅದಕ್ಕೆ ಜಾಗ ಮಾಡಲು ಕಾಲಿನ ಮುಂದಿನ ತಗಡಿನ ಗೋಡೆಯನ್ನೂ ಪೆಡಲುಗಳನ್ನೂ ಹಿಂದಕ್ಕೆ ತಂದರು. ಕುಳ್ಳಗಿದ್ದ ಅವರಿಗೆ ಅದರಿಂದ ಅನುಕೂಲವೇ. ಆದರೂ ಒಂದು ದಿನ ನನ್ನನ್ನು ಕರೆದು, "ಇಲ್ಲಿ ಸ್ವಲ್ಪ ಕೂತ್ಕೊಳ್ಳಿ ಗುರುಗಳೇ, ಕಾಲ್ ಚಾಚಿ" ಎಂದರು. ನಾನು ಉದ್ದ ಕಾಲಿನ ಆಸಾಮಿ. ಕೂತೆ. ಸೀಟನ್ನು ಹಿಂದೆ ಹಿಂದೆ ತಳ್ಳಿ ಕಾರಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. "ಯಾಕ್ರೀ?" ಎಂದರೆ, "ಅಳ್ತೆ ಬೇಕಿತ್ತು" ಎಂದಷ್ಟೇ ಹೇಳಿದರು. ಎಲೆ ಹಾಸಿ ಕೂರಿಸಿ ಊಟ ಬಡಿಸದೆ ಎಬ್ಬಿಸಿದ ಹಾಗಾಯಿತು ನನಗೆ. ಉರಿಸಲಿಕ್ಕೆಂದೇ ಕರೆದರು ಎಂದುಕೊಂಡೆ.

ಮೊದಲ ಸಲ ಸ್ಟಾರ್ಟ್ ಮಾಡಿದ್ದು ಆಯುಧಪೂಜೆಯ ದಿನ. ಸುತ್ತಲಿನ ಷೆಡ್ಡುಗಳ ಜನವೆಲ್ಲ ನೆರೆದಿತ್ತು. ಕುಂಬಳಕಾಯಿ ಒಡೆದು, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಬಾನೆಟ್ ಎತ್ತಿ ಇಂಜಿನ್‌ಗೂ ದಪ್ಪನೆಯ ಚೆಂಡುಹೂವಿನ ಹಾರ ಹಾಕಿದರು. ಗಾಳಿ ಎಳೆಯುವ ಕೊಳವೆಗೆ ಇನ್ನೂ ಫಿಲ್ಟರ್ ಕೂರಿಸಿರಲಿಲ್ಲ. ಕೀ ತಿರುಗಿಸಿದರು. ಇಂಜಿನ್ ಒಮ್ಮೆ ಗುಡುಗಿ, ಹಾರವನ್ನೇ ಎಳೆದುಕೊಂಡು, ಕೆಮ್ಮಿ ನಿಂತುಹೋಯಿತು. ಜನ ಅಯ್ಯೋ ಎಂದಿತು. ನನ್ನೊಳಗೆ ಒಬ್ಬ ಎದ್ದು ಕುಣಿದ.

ಅವರು ಹೊಟ್ಟೆ ಹಿಡಿದು ನಗತೊಡಗಿದರು. "ನೋಡ್ರಪ್ಪಾ, ಪ್ರಸಾದ ಮೊದ್ಲು ಇವ್ನೇ ತಿಂದ್ಬಿಟ್ಟ!" ಎಂದು ಕೊಳವೆ ಬಿಚ್ಚಿ ಎಸಳುಗಳನ್ನು ಒಂದೊಂದಾಗಿ ತೆಗೆದರು. ಸೋತ ಗಳಿಗೆಯಲ್ಲಿ ಹಾಗೆ ನಗಲು ನನ್ನಿಂದ ಆಗುತ್ತಿರಲಿಲ್ಲ, ಇವತ್ತಿಗೂ ಆಗುವುದಿಲ್ಲ. ಮತ್ತೆ ಕೀ ತಿರುಗಿಸಿದಾಗ ಇಂಜಿನ್ ಹಿಡಿಯಿತು. ಸ್ಕ್ರೂಡ್ರೈವರನ್ನು ನನ್ನ ಪ್ಲೇಟಿಗೆ ತಾಗಿಸಿ ಹಿಡಿಯನ್ನು ನನ್ನ ಕಿವಿಗೆ ಕೊಟ್ಟರು. "ಕೇಳಿ. ನಿಮ್ ಪ್ಲೇಟು ಉಸಿರೂ ಎತ್ತುತ್ತಿಲ್ಲ." ನನ್ನ ಕೆಲಸವನ್ನು ಅಷ್ಟು ಚೆನ್ನಾಗಿ ಹೊಗಳಿದವರು ಮತ್ತೊಬ್ಬರಿಲ್ಲ.

ಆಮೇಲೆ ಪ್ರತಿ ಭಾನುವಾರ ಕಾರು ತೆಗೆದು ನನ್ನ ಮುಂದೆ ಕೀ ಹಿಡಿಯುತ್ತಿದ್ದರು. "ಒಂದ್ ರೌಂಡ್ ಹೋಗ್ಬನ್ನಿ ಗುರುಗಳೇ." "ಆಮೇಲ್ ನೋಡೋಣ" ಎನ್ನುತ್ತಿದ್ದೆ. ಬೇರೆಯವರ ಕೀಲಿಯಲ್ಲಿ ನನ್ನ ಕಾರು ಓಡಿಸುವುದೇ? ನನ್ನ ಮನಸ್ಸಿನಲ್ಲಿ ಅದು ನನ್ನ ಕಾರೇ ಆಗಿತ್ತು. ಅವರು ಬೆನ್ನಿಗೆ ದಿಂಬು ಒರಗಿಸಿಕೊಂಡು ಭರ್ರೆಂದು ಹೋಗಿಬಿಡುತ್ತಿದ್ದರು. ಸೊಂಟ ನೋವಿರಬೇಕು, ಆಗಲಿ ಎಂದುಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಷೆಡ್ಡಿನಲ್ಲಿಯೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ರಾಜಗೋಪಾಲನಗರದ ಮನೆಯಲ್ಲಿ ಮಲಗಿಸಿದ್ದಾಗ ನೋಡಿದೆ. ಸ್ನಾನ ಮಾಡಿಸಿದವರು ಕಿವಿಯನ್ನೂ ತೊಳೆದಿದ್ದರು. ಬೊಟ್ಟಿಲ್ಲದ ಆ ಕಿವಿ ಯಾರದೋ ಎನ್ನುವ ಹಾಗಿತ್ತು.

ಕೆಲವು ತಿಂಗಳ ಮೇಲೆ, ಕಾರು ಕೊಳ್ಳುವವರು ಬರುತ್ತಾರೆಂದು ಅವರ ಹೆಂಡತಿ ಹೇಳಿಕಳಿಸಿದರು. ಹೋದೆ. ಜೀವನದಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದೆ, "ಒಂದ್ ರೌಂಡ್ ಕೊಡ್ತೀರಾ ಅಮ್ಮಾ?"

"ಅಯ್ಯೋ, ತಗೊಳ್ಳಿ ಅಣ್ಣಾ. ಸೀಟ್ ನಿಮ್ಮ ಕಾಲಿನ ಅಳ್ತೆಗೇ ಅಲ್ವಾ ಬಿಗಿದಿರೋದು? ಇವ್ರಿಗೆ ಪೆಡಲ್ಲೇ ಎಟಕ್ತಿರ್ಲಿಲ್ಲ. ಮುಂದಕ್ ಹಾಕ್ಕೊಳ್ರೀ ಅಂದ್ರೆ, ಗುರುಗಳು ಒಂದಿನ ಕೂತೇ ಕೂರ್ತಾರೆ, ಅವ್ರ ಮೊಣಕಾಲ್ ತಾಗ್ಬಾರ್ದು ಅಂತಿದ್ರು. ದಿಂಬು ಇಟ್ಕೊಂಡೇ ಓಡಿಸಿದ್ರು ಕೊನೇವರೆಗೂ."

ದಿಂಬು ತೆಗೆದು ಪಕ್ಕದ ಸೀಟಿನ ಮೇಲಿಟ್ಟು ಕೂತೆ. ಚಿಕ್ಕಬಾಣಾವರದವರೆಗೆ ಹೋಗಿ ಬಂದೆ. ಮೊಣಕಾಲು ಎಲ್ಲಿಯೂ ತಾಗಲಿಲ್ಲ. ಕಾರಿಗಾಗಿ ಪಟ್ಟ ಹೊಟ್ಟೆಕಿಚ್ಚು ದಾರಿಯಲ್ಲೆಲ್ಲೋ ಇಳಿದುಹೋಗಿತ್ತು. ಅದರ ಜಾಗದಲ್ಲಿ ಬಂದು ಕೂತ ಇನ್ನೊಂದು ಇವತ್ತಿಗೂ ಇಳಿದಿಲ್ಲ: ಇನ್ನೊಬ್ಬನ ಕಾಲಿಗೆ ಸೀಟು ಬಿಗಿಯುವ ಮನಸ್ಸು ಅವರಿಗಿತ್ತು, ನನಗೇಕಿಲ್ಲ?

ಕೀ ಹಿಂದಿರುಗಿಸುವಾಗ ಇನ್ನೂ ಒಂದು ಕೇಳಿದೆ. ಅವರ ಹೆಂಡತಿ ಇಲ್ಲವೆನ್ನಲಿಲ್ಲ. ಕಾರು ಯಾರ ಮನೆಯಲ್ಲಿದೆಯೋ ತಿಳಿಯದು. ದಿಂಬು ನನ್ನ ಷೆಡ್ಡಿನ ಕುರ್ಚಿಯ ಮೇಲಿದೆ.