ಚಿಟ್ಟೆ ಗಿಲಾಸು

ಭಾಲ್ಕಿಯ ಆಮ್ರಪಾಲಿ ನರ್ಸ್ ಕೆಲಸಕ್ಕೆಂದು ಐರ್ಲೆಂಡಿನ ಕಾರ್ಕ್ ಎಂಬ ಊರಿಗೆ ಹೊರಟು ನಿಂತಾಗ ಓಣಿಯ ಅರ್ಧ ಜನ ಅದು ಲಂಡನ್ನಿನ ಯಾವುದೋ ಬಡಾವಣೆ ಇರಬೇಕೆಂದುಕೊಂಡರು. ಉಳಿದರ್ಧ ಜನ ಅವಳ ಗಂಡನನ್ನು ಕನಿಕರದಿಂದ ನೋಡಿದರು. ಗಂಡ ವಿಶ್ವಾಸ ಔರಾದಿನಲ್ಲಿ ಶಾಲಾ ಮಾಸ್ತರ. ಸರ್ಕಾರಿ ನೌಕರಿಗೆ ನಮಸ್ಕಾರ ಹೊಡೆದು ಹೆಂಡತಿಯ ಹಿಂದೆ ಹೋಗುವಷ್ಟು ಹುಚ್ಚ ಅವನಲ್ಲ. ಮಗಳು ಮಹಾಮಾಯಾ ಇನ್ನೂ ಆರು ವರ್ಷದವಳು. ಅವಳನ್ನು ತನ್ನ ಅಪ್ಪ ಗೋರಖನಾಥ, ಅವ್ವ ಶಾಲುಬಾಯಿಯ ಮಡಿಲಿಗೆ ಹಾಕಿ, ಆದಷ್ಟು ಬೇಗ ಕರೆಸಿಕೊಳ್ಳುತ್ತೇನೆ ಎಂದು ಹೇಳಿ ಆಮ್ರಪಾಲಿ ವಿಮಾನ ಹತ್ತಿದಳು.

ಹೊಸ ದೇಶದಲ್ಲಿ ಎಂಥ ಜಾಣರೂ ಮತ್ತೆ ಅಂಗನವಾಡಿಗೆ ಸೇರಬೇಕಾಗುತ್ತದೆ. ಯಾವ ಕಸ ಯಾವ ಬಣ್ಣದ ಡಬ್ಬಿಗೆ ಎಂಬುದನ್ನು ಕಲಿಯಬೇಕು. ಬಟ್ಟೆ ಒಣಗಿಸಲು ಬಿಸಿಲಿಲ್ಲದ ಊರಿನಲ್ಲಿ ಒದ್ದೆ ಸಾಕ್ಸುಗಳ ನಡುವೆಯೇ ಮಲಗುವುದನ್ನು ಕಲಿಯಬೇಕು. ಬಸ್ಸಿನಿಂದ ಇಳಿಯುವಾಗ ಎಲ್ಲರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳುತ್ತಿದ್ದರು. ಬೀದರಿನ ಬಸ್ಸುಗಳಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದವಳಿಗೆ ಅದು ನಗು ತರಿಸಿತು. ಮೊದಲ ವಾರ ರೊಟ್ಟಿ ಸುಡಲು ಹೋದಾಗ ಅಡುಗೆಮನೆಯ ಸೂರಿಗಿದ್ದ ಹೊಗೆ ಪತ್ತೆಹಚ್ಚುವ ಯಂತ್ರ ಕಿರುಚಿಕೊಂಡು, ಇಡೀ ಕಟ್ಟಡದ ಜನ ಚಡ್ಡಿ-ಬನಿಯನ್ನಿನಲ್ಲಿ ಮಳೆಗೆ ಬಂದು ನಿಂತರು. ಅವಳು ಎಲ್ಲರ ಹತ್ತಿರ ಕ್ಷಮೆ ಕೇಳಿದಳು. ಒಂದು ರೊಟ್ಟಿಗಾಗಿ ಅಷ್ಟು ಜನರ ಕ್ಷಮೆ ಕೇಳಿದ್ದು ಜನ್ಮದಲ್ಲಿ ಅದೇ ಮೊದಲು.

ಇವೆಲ್ಲ ನುಂಗಿಕೊಳ್ಳಬಹುದಾದವು. ನುಂಗಲಾಗದ್ದು ಫೋನು. ಮೊದಮೊದಲು ಮಹಾಮಾಯಾ ಫೋನಿನಲ್ಲಿ ಅಮ್ಮನ ಮುಖ ಕಂಡರೆ ಅಳುತ್ತಿದ್ದಳು. ಆಮೇಲೆ ಅಳು ನಿಂತಿತು. ಆಮೇಲೆ ಮಾತೂ ನಿಂತಿತು.

"ಫೋನಿಗಿ ಬಾ ಅಂದ್ರ ಓಡಿ ಹೋಗ್ತಾಳ ನೋಡವಾ," ಎಂದು ಶಾಲುಬಾಯಿ ಒಂದು ದಿನ ತಾನೇ ತಪ್ಪು ಮಾಡಿದವಳಂತೆ ಹೇಳಿದಳು. "ಈಗ ನನಗೇ ಮಮ್ಮಿ ಅನ್ಲಕತ್ತಾಳ."

ಆ ಮಾತು ಆಮ್ರಪಾಲಿಯ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತು. ಇನ್ನು ತಡಮಾಡಿದರೆ ಮಗಳು ಕೈಬಿಟ್ಟು ಹೋಗುತ್ತಾಳೆಂದು ಅವಳಿಗೆ ಖಚಿತವಾಯಿತು. ಕರೆಸಿಕೊಳ್ಳಲು ಕಾಗದಪತ್ರವೇನೋ ಆಗುತ್ತಿತ್ತು. ಆದರೆ ಅವಳ ಡ್ಯೂಟಿ ಬೆಳಗಿನಿಂದ ರಾತ್ರಿ ಎಂಟರವರೆಗೆ, ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಗಳು ಆರಕ್ಕೇ ಬಾಗಿಲು ಹಾಕುತ್ತಿದ್ದವು. ಮಗುವನ್ನು ಬೆಳಿಗ್ಗೆ ಶಾಲೆಗೆ ಕಳಿಸಿ, ಸಂಜೆ ಇಟ್ಟುಕೊಳ್ಳಲು ಒಂದು ಮನೆ ಬೇಕಿತ್ತು. ಆ ಮನೆ ಇದ್ದರೆ ಮಗಳು ಬಂದಂತೆ, ಇಲ್ಲದಿದ್ದರೆ ಇಲ್ಲ.

ಆ ಮನೆ ಸೋನಾಲಿಯದು. ಸೋನಾಲಿ ಔರಾದ್ ತಾಲೂಕಿನವಳು, ಕುರಿ ಸಾಕಿದ ಮನೆತನದ ಸೊಸೆ. ಗಂಡ ಅಮೋಲ್ ಕಾರ್ಕಿನ ಒಂದು ಔಷಧದ ಕಾರ್ಖಾನೆಯಲ್ಲಿದ್ದ. ಅಂಗಡಿಯೊಂದರಲ್ಲಿ ಆಮ್ರಪಾಲಿ ಜೋಳದ ಹಿಟ್ಟಿಗಾಗಿ ತಡಕಾಡುತ್ತಿದ್ದಾಗ ಹಿಂದಿನಿಂದ, "ಇಲ್ಲಿ ಬರೀ ಮೈದಾ ಸಿಗ್ತದ ನೋಡ್ರಿ ಅಕ್ಕಾ," ಎಂಬ ದನಿ ಬಂತು. ಆಮ್ರಪಾಲಿಗೆ ಅಲ್ಲೇ ಅಳು ಬಂತು. ಇಬ್ಬರ ಮನೆಯೂ ಒಂದೇ ಬೀದಿಯಲ್ಲಿ ಎಂದು ತಿಳಿದಾಗ ಇಬ್ಬರೂ ಅತ್ತರು.

ಆಮ್ರಪಾಲಿ ತನ್ನ ಹೆಸರು ಮುಚ್ಚಿಡಲಿಲ್ಲ. ಬೀದರ್ ಜಿಲ್ಲೆಯಲ್ಲಿ ಆಮ್ರಪಾಲಿ ಎಂದು ಹೆಸರು ಹೇಳಿದ ಮೇಲೆ ಜಾತಿ ಕೇಳುವ ಅಗತ್ಯವಿಲ್ಲ. ಬೌದ್ಧರ ಮನೆ, ಅಂದರೆ ಹಿಂದೆ ಊರ ಹೊರಗೆ ಇರಿಸಿದ್ದವರ ಮನೆ ಎಂದು ದನ ಕಾಯುವವನಿಗೂ ಗೊತ್ತು. ಸೋನಾಲಿ ಹೆಸರು ಕೇಳಿ, "ಹೌದಾ," ಎಂದು ಅವಳ ಕೈಯಿಂದ ಒಂದು ಚೀಲ ಇಸಿದುಕೊಂಡು ಜೊತೆಗೆ ನಡೆದಳು. ಸಮುದ್ರ ದಾಟಿದ ಮೇಲೆ ಇವೆಲ್ಲ ಎಲ್ಲಿ ಉಳಿಯುತ್ತವೆ ಎಂದು ಆಮ್ರಪಾಲಿ ಅಂದುಕೊಂಡಳು. ದೊಡ್ಡ ತಪ್ಪು ಮಾಡುವವರಿಗೆ ಆ ಹೊತ್ತಿನಲ್ಲಿ ಮನಸ್ಸು ಹಗುರವಾಗಿಯೇ ಇರುತ್ತದೆ.

ಸೋನಾಲಿ ಕೆಟ್ಟವಳಲ್ಲ. ಆಮ್ರಪಾಲಿ ಜ್ವರ ಬಂದು ಮಲಗಿದಾಗ ಗಂಜಿ ಕುಡಿಸಿ, ಹಣೆಗೆ ಒದ್ದೆ ಬಟ್ಟೆ ಹಾಕಿ, ಕಾಲು ಒತ್ತಿದವಳು ಅವಳೇ. ಪುಂಡಿಪಲ್ಯೆ, ಶೇಂಗಾ ಹಿಂಡಿ ಎಂದು ಡಬ್ಬಿ ತುಂಬಿ ತರುತ್ತಿದ್ದಳು. ಆಮ್ರಪಾಲಿಯ ಮನೆಗೆ ಬಂದರೆ ಮಾತ್ರ ಅವಳಿಗೆ ಉಪವಾಸ. ಸೋಮವಾರ ಶಿವ, ಗುರುವಾರ ಸಾಯಿಬಾಬಾ, ಶನಿವಾರ ಹಣಮಪ್ಪ. ದೇವರಿಲ್ಲದ ದಿನ ಹೊಟ್ಟೆ ನೋವು. ಪಾಪ, ಎಷ್ಟು ಭಕ್ತಿ ಎಂದು ಆಮ್ರಪಾಲಿ ಮರುಗುತ್ತಿದ್ದಳು. ಮಗಳ ಮಾತು ತೆಗೆದಾಗ ಸೋನಾಲಿ ಒಂದು ಕ್ಷಣವೂ ಯೋಚಿಸಲಿಲ್ಲ.

"ನಮ್ಮನಿ ಅದಲ್ರಿ ಅಕ್ಕಾ, ಕರೆಸ್ರಿ. ನನಗೂ ಬ್ಯಾಸರಾ ಕಳೀತದ."

ಮಹಾಮಾಯಾ ಬಂದಳು. ವಿಶ್ವಾಸ ರಜೆ ಹಾಕಿ ಬಿಟ್ಟು ಹೋದ. ಮೊದಲ ಕೆಲವು ದಿನ ಮಗು ಅಮ್ಮನನ್ನು ದೂರದ ನೆಂಟರನ್ನು ನೋಡಿದಂತೆ ನೋಡಿತು. ನಿಧಾನಕ್ಕೆ ಹತ್ತಿರ ಬಂತು, ಒಂದು ಬೆಳಿಗ್ಗೆ ತಾನಾಗಿಯೇ ಬಂದು ಹೊದಿಕೆಯೊಳಗೆ ನುಸುಳಿತು. ಆಮ್ರಪಾಲಿ ಆ ದಿನ ಆಸ್ಪತ್ರೆಯಲ್ಲಿ ಕಂಡಕಂಡವರಿಗೆಲ್ಲ ನಕ್ಕಳು.

ಒಂದು ಭಾನುವಾರ ಮಗಳಿಗೆ ತಲೆ ಬಾಚುತ್ತಿದ್ದಾಗ ಆ ಮಾತು ಬಂತು.

"ಮಮ್ಮಿ, ಸೋನಾಲಿ ಆಂಟಿ ನನಗ ಬ್ಯಾರೆ ಗಿಲಾಸು ತಂದಾರ. ಚಿಟ್ಟಿ ಚಿತ್ರದ್ದು! ತಾಟೂ ಬ್ಯಾರೆ. ಅದು ನಂದೇ, ಬ್ಯಾರೆ ಯಾರೂ ಮುಟ್ಟಂಗಿಲ್ಲ. ನಾನೇ ತೊಳದು ಕಿಡಕ್ಯಾಗ ಇಡ್ತೇನಿ."

ಮಗು ಹಿರಿಹಿರಿ ಹಿಗ್ಗಿ ಹೇಳಿತು. ಆಮ್ರಪಾಲಿಯ ಕೈಯ ಬಾಚಣಿಗೆ ಕೂದಲಲ್ಲೇ ನಿಂತಿತು. ಗೋರಖನಾಥ ಹರೆಯದಲ್ಲಿ ತನ್ನ ಹಳ್ಳಿಯ ಚಹಾದಂಗಡಿಯಲ್ಲಿ ಇದನ್ನೇ ಕಂಡಿದ್ದ. ಅವನಂಥವರ ಕಪ್ಪು ಹೊರಗಿನ ಗೋಡೆಯ ಗೂಡಿನಲ್ಲಿರುತ್ತಿತ್ತು. ಕುಡಿದವರೇ ತೊಳೆದು ಇಡಬೇಕಿತ್ತು. ಒಂದು ದಿನ ಅವನು ಆ ಕಪ್ಪನ್ನು ಕಲ್ಲಿಗೆ ಒಡೆದು, ಒದೆ ತಿಂದು, ಊರು ಬಿಟ್ಟು ಭಾಲ್ಕಿ ಸೇರಿದ್ದ. ಪ್ರತಿ ಏಪ್ರಿಲ್ಲಿನಲ್ಲಿ ಓಣಿಯಲ್ಲಿ ಜಯಂತಿ ಆಚರಿಸುವಾಗಲೆಲ್ಲ ಅಪ್ಪ ಆ ಕಥೆ ಹೇಳಿದರೆ ಆಮ್ರಪಾಲಿಗೆ ಆಕಳಿಕೆ ಬರುತ್ತಿತ್ತು. ಆಗಿಹೋದದ್ದನ್ನು ಎಷ್ಟು ಸಲ ಹೇಳುತ್ತಾನೆ ಎನಿಸುತ್ತಿತ್ತು. ಈಗ ಮೈ ಉರಿಯಿತು. ಸೋನಾಲಿಯ ಆ ಉಪವಾಸಗಳೆಲ್ಲ ಒಂದೊಂದಾಗಿ ನೆನಪಾಗಿ, ತಾನೆಂಥ ಪೆದ್ದಿ ಎಂದು ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಮಗಳ ಕೈಗೆ ನೀರಿನ ಬಾಟಲಿ ಕೊಟ್ಟು ಸೋನಾಲಿಯ ಬಾಗಿಲು ಬಡಿದಳು.

"ಇವತ್ತಿಂದ ಇಕಿ ಇದರಾಗೇ ಕುಡೀತಾಳ. ನಿನ್ನ ಗಿಲಾಸು ಬ್ಯಾಡ."

ಸೋನಾಲಿಯ ಮುಖ ಬಿಳಿಚಿತು. "ಅಕ್ಕಾ, ನಾ ಇದೆಲ್ಲಾ ಏನೂ ನಂಬಂಗಿಲ್ರಿ. ನಮ್ಮತ್ತಿ ಔರಾದದಿಂದ ದಿನಾ ಫೋನ್ ಮಾಡಿ ಅಡಗಿಮನಿ ತೋರಸು ಅಂತಾರ. ಕೂಸಿನ ಕೈಯಾಗ ನಮ್ಮ ಗಿಲಾಸು ಕಂಡ್ರ ನನ್ನ ಜೀವಾ ತಿಂತಾರ. ನೀವೇ ಹೇಳ್ರಿ, ನಾ ಏನ ಮಾಡ್ಲಿ?"

"ಫೋನ್ ಇಟ್ಟ ಮ್ಯಾಲರ ಕೊಡಬಹುದಿತ್ತಲ್ಲ?"

ಸೋನಾಲಿ ಬಾಗಿಲ ಚೌಕಟ್ಟು ಉಗುರಿನಿಂದ ಕೆರೆಯುತ್ತ ನಿಂತಳು. ಕಣ್ಣು ತುಂಬಿ ಬಂತು. "ಛಂದಂದು ಬೇಕಂತ ನಾಕ ಅಂಗಡಿ ತಿರುಗಿ ತಂದೀನ್ರಿ ಅಕ್ಕಾ," ಎಂದಳು.

ಅದು ನಿಜವೇ ಇತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈ ಪ್ರೀತಿಯನ್ನು ಬೈಯುವುದು ಹೇಗೆ? ಬಸ್ಸಿನ ಹೊತ್ತಾಗಿತ್ತು, ಬೇರೆ ಮನೆ ಇರಲಿಲ್ಲ, ವಾರ್ಡಿನಲ್ಲಿ ಅವಳ ದಾರಿ ಕಾಯುತ್ತಿದ್ದರು. ಆದರೂ ಮಗಳ ರಟ್ಟೆ ಹಿಡಿದು, "ನಡಿ ಮನಿಗಿ," ಎಂದಳು.

"ನಾ ಬರಂಗಿಲ್ಲ!" ಮಹಾಮಾಯಾ ಕೊಸರಿಕೊಂಡಳು. "ನನಗ ಬಾಟ್ಲಿ ಬ್ಯಾಡ. ನನ್ನ ಗಿಲಾಸ ಬೇಕು!"

ಆಮ್ರಪಾಲಿ ಅವಳ ಕಪಾಳಕ್ಕೆ ಹೊಡೆದಳು. ಹುಟ್ಟಿದಾಗಿನಿಂದ ಒಂದು ಸಲವೂ ಹೊಡೆದಿರಲಿಲ್ಲ. ಹೊಡೆಯಬೇಕಾದ ಕಪಾಳಗಳು ಔರಾದಿನಲ್ಲಿ, ಅಪ್ಪ ಬಿಟ್ಟು ಬಂದ ಹಳ್ಳಿಯಲ್ಲಿ, ಎದುರಿಗೇ ಇದ್ದವು, ಕೈಗೆ ಸಿಕ್ಕಿದ್ದು ಇದು.

"ಕೂಸಿಗ್ಯಾಕ ಹೊಡೀತೀರಿ ಅಕ್ಕಾ!" ಎಂದು ಸೋನಾಲಿ ಮಗುವನ್ನು ಎತ್ತಿ ಎದೆಗವಚಿಕೊಂಡಳು, ತನ್ನ ಸೆರಗಿನಿಂದಲೇ ಅದರ ಕಣ್ಣು ಮೂಗು ಒರೆಸಿದಳು. ಮಹಾಮಾಯಾ ಅವಳ ಕೊರಳು ಬಿಗಿದಪ್ಪಿ ಅಮ್ಮನತ್ತ ಬೆನ್ನು ತಿರುಗಿಸಿದಳು. ಕೈ ಚಾಚಿದರೂ ತಿರುಗಲಿಲ್ಲ.

ಆಮ್ರಪಾಲಿ ಬಾಟಲಿಯನ್ನು ಹೊಸ್ತಿಲ ಬದಿಗೆ ಇಟ್ಟು ಬಸ್ಸಿಗೆ ಓಡಿದಳು. ರಾತ್ರಿ ಮಗಳನ್ನು ಕರೆದೊಯ್ಯಲು ಬಂದಾಗ ಬಾಟಲಿ ಇಟ್ಟಲ್ಲೇ ಇತ್ತು. ಒಂದು ಗುಟುಕೂ ಕಡಿಮೆಯಾಗಿರಲಿಲ್ಲ.