ಫ್ಯಾನ್ ಮೇಲೆ ಬರೋ ತನಕ

ಮಲಗಿದವರ ಚಿತ್ರವನ್ನು ಎತ್ತಿ ನಿಲ್ಲಿಸಿದರೆ ಅದು ನಿಂತವರ ಚಿತ್ರವಾಗುತ್ತದೆ. ಇದು ಮಗುವಿಗೂ ಗೊತ್ತು. ೨೦೦೩ರಲ್ಲಿ ಹಲಸೂರಿನ ಒಂದು ಮೂಳೆ ಆಸ್ಪತ್ರೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಅಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದವಳು ಸಂಘಮಿತ್ರಾ. ಕೆರೆಯ ಹಿಂದಿನ ಗಲ್ಲಿಯವಳು. ಟೈಪಿಂಗ್ ಕಲಿಯಲು ಹೋಗಿ ಪ್ರೋಗ್ರಾಮ್ ಬರೆಯುವುದನ್ನೂ ಕಲಿತು ಬಂದವಳು. ರೋಗಿಯ ಹೆಸರು, ನೋವಿನ ಜಾಗ ಒತ್ತಿದರೆ ಸಾಕು, ಮನೆಯಲ್ಲಿ ಮಾಡಬೇಕಾದ ವ್ಯಾಯಾಮದ ಪುಸ್ತಿಕೆ ತಾನೇ ತಯಾರಾಗಿ ಪ್ರಿಂಟರಿನಿಂದ ಬರುವಂತೆ ಮಾಡಿದ್ದಳು. ಅಕ್ಷರದ ಪುಟಗಳು ಉದ್ದ, ಮಲಗಿ ಮಾಡುವ ವ್ಯಾಯಾಮದ ಚಿತ್ರಗಳು ಅಗಲ. ಪ್ರೋಗ್ರಾಮ್ ಪುಟದ ಅಳತೆಯನ್ನು ಶುರುವಿನಲ್ಲಿ ಒಮ್ಮೆ ಮಾತ್ರ ಕೇಳುತ್ತಿತ್ತು. ಉದ್ದ ಎಂದು ಹೇಳಿದ್ದಾಗಿತ್ತು. ಅಗಲದ ಚಿತ್ರ ಆ ಪುಟದಲ್ಲಿ ಹಿಡಿಯದೆ ಹೋದಾಗ ಅದನ್ನು ತಿರುಗಿಸಿ ನಿಲ್ಲಿಸಿದಳು.

ಓದು ಬಂದವರು ಚಿತ್ರದ ಪಕ್ಕ ಮಲಗಿದ ಅಕ್ಷರ ಕಂಡು ಪುಸ್ತಿಕೆಯನ್ನೇ ತಿರುಗಿಸಿಕೊಂಡರು. ಜಟ್ಟೆಮ್ಮನಿಗೆ ಓದು ಬರುತ್ತಿರಲಿಲ್ಲ.

ಜಟ್ಟೆಮ್ಮ ರಸೆಲ್ ಮಾರುಕಟ್ಟೆಯಲ್ಲಿ ನೆಲದ ಮೇಲೆ ಕೂತು ಹೂ ಕಟ್ಟುವವರು. ಮೊಣಕಾಲಿನ ಚಿಪ್ಪು ಒಡೆದು ಪ್ಲಾಸ್ಟರ್ ಹಾಕಿಸಿಕೊಂಡು, ಅದನ್ನು ಆಗಷ್ಟೇ ತೆಗೆಸಿದ್ದರು. ಕಾಲು ಮಡಿಚಲು ಬಾರದಿದ್ದರೆ ಆ ಜಾಗ ಕೈಬಿಡಬೇಕು. ಪುಸ್ತಿಕೆಯನ್ನು ಕೊಟ್ಟ ಹಾಗೆಯೇ ಹಿಡಿದು ನೋಡಿದರು: ಹೆಂಗಸೊಬ್ಬಳು ನೆಟ್ಟಗೆ ನಿಂತು ಒಂದು ಕಾಲನ್ನು ಮುಂದಕ್ಕೆ ಚಾಚಿದ್ದಾಳೆ. ತಾವೂ ನಿಂತು ಚಾಚಿದರು. ಬಿದ್ದರು.

ಊದಿದ ಕಾಲು ಹೊತ್ತು ಮತ್ತೆ ಆಸ್ಪತ್ರೆಗೆ ಬಂದಾಗ ಸಂಘಮಿತ್ರಾಳನ್ನು ಕರೆದು, "ಎಂಥಾ ಗಟ್ಟಿಗಿತ್ತಿ ಕಣವ್ವಾ ನಿನ್ ಬುಕ್ಕಿನ ಹೆಂಗ್ಸು! ಏನೂ ಹಿಡ್ಕೊಳ್ದೆ ಒಂಟಿ ಕಾಲಲ್ಲಿ ನಿಂತವ್ಳೆ," ಎಂದರು.

ಸಂಘಮಿತ್ರಾ ನಗಲು ಹೋಗಿ, ಪುಟ ನೋಡಿ, ಅದನ್ನು ಅಡ್ಡ ತಿರುಗಿಸಿ ಹಿಡಿದಳು. "ಅವ್ಳು ನಿಂತಿಲ್ಲಮ್ಮ. ಮಲ್ಗಿದಾಳೆ."

"ಮಲ್ಗಿದ್ರೆ ಚಾಪೆ ಎಲ್ಲವ್ವಾ?"

ಡಾಕ್ಟರ್ ಚಿನ್ನಪ್ಪ ಅಲ್ಲೇ ಇದ್ದರು. "ಬುಕ್ ತಿರುಗ್ಸಿ ನೋಡ್ಬೇಕಲ್ವೇನಮ್ಮ? ಅಷ್ಟೂ ಗೊತ್ತಾಗಲ್ವಾ?"

ಯಾವ ಕಡೆಗೆ ತಿರುಗಿಸಬೇಕಿತ್ತು ಡಾಕ್ಟ್ರೇ? ಅದನ್ನು ಹೇಳುವ ಅಕ್ಷರ ನಿಮ್ಮ ಜೊತೆ ಮಾತ್ರ ಮಾತಾಡುತ್ತದೆ. ಬಿದ್ದವರನ್ನೇ ಬೈಯುವುದು ನಮ್ಮ ಕಲಿತವರ ಹಳೇ ಚಾಳಿ.

ಸಂಘಮಿತ್ರಾ ಯಾರನ್ನೂ ಬೈಯಲಿಲ್ಲ. ಪ್ರೋಗ್ರಾಮನ್ನು ಬಿಚ್ಚಿಕೊಂಡು ಕೂತಳು. ಇಡೀ ಪುಸ್ತಿಕೆಗೆ ಒಂದೇ ಅಳತೆ ಎಂಬುದನ್ನು ಕಿತ್ತು, ಭಾಗಕ್ಕೊಂದು ಅಳತೆ ಇಟ್ಟಳು: ಉದ್ದದ್ದನ್ನು ಮುಗಿಸಿ ಅಡ್ಡದ್ದನ್ನು ತೆರೆಯಬೇಕು, ಅಡ್ಡದ್ದನ್ನು ಮುಚ್ಚಿ ಮತ್ತೆ ಉದ್ದಕ್ಕೆ ಬರಬೇಕು. ಮೊದಲ ಸಲ ಮುಚ್ಚುವುದನ್ನು ಮರೆತಳು. ಮಾತ್ರೆಯ ವಿವರದ ಪುಟವೂ ಅಡ್ಡವಾಗಿಯೇ ಬಂತು. ಅದು ಸರಿಹೋದ ಮೇಲೆ ಇನ್ನೊಂದು ತಾಪತ್ರಯ. ಪರದೆಯ ಮೇಲೆ ಚಂದವಾಗಿ ಮಲಗಿದ್ದ ಪುಟ, ಬದಿಗೆ ಪಿನ್ ಹೊಡೆದ ಕೂಡಲೇ ಪುಸ್ತಿಕೆಯಲ್ಲಿ ಮತ್ತೆ ಎದ್ದು ನಿಂತಿತು. ಪಿನ್ನು ಕಿತ್ತಳು. ಮೂಲೆಗೊಂದು ತೂತು, ಅದಕ್ಕೆ ಸಡಿಲವಾಗಿ ಒಂದು ದಾರ. ಯಾವ ಪುಟ ಎತ್ತ ಬೇಕಾದರೂ ತಿರುಗಲಿ. ಆಮೇಲೆ ಚಿತ್ರದ ಹೆಂಗಸಿನ ಕೆಳಗೆ ಚಾಪೆ ಬರೆದಳು, ಮೇಲೆ ಸೀಲಿಂಗ್ ಫ್ಯಾನ್ ಬರೆದಳು.

ಊತ ಇಳಿದ ಮೇಲೆ ಶಿವಾಜಿನಗರದಲ್ಲಿದ್ದ ಜಟ್ಟೆಮ್ಮನ ಒಂದು ಕೋಣೆಯ ಮನೆಗೆ ತಾನೇ ಹೋದಳು. "ಫ್ಯಾನ್ ಮೇಲೆ ಬರೋ ತನಕ ತಿರುಗ್ಸಿ, ಅಮ್ಮ."

"ನಮ್ಮನೇಲಿ ಫ್ಯಾನ್ ಎಲ್ಲೈತೆ ತಾಯಿ?"

"ಬುಕ್ಕಲ್ಲಿದೆಯಲ್ಲ. ಗಾಳಿ ಸಾಲ್ದಾ?"

ಜಟ್ಟೆಮ್ಮ ನಕ್ಕು ಪುಟ ತಿರುಗಿಸಿದರು. ಸಂಘಮಿತ್ರಾ ಅವರ ಪಕ್ಕ ಚಾಪೆಯ ಮೇಲೆ ಮಲಗಿ ಕಾಲೆತ್ತಿದಳು. ಅವರೂ ಎತ್ತಿದರು, ನಡುಗುತ್ತಾ.

ಶ್ರಾವಣಕ್ಕೆ ಅವರು ಮಾರುಕಟ್ಟೆಯ ಹಳೇ ಜಾಗದಲ್ಲಿದ್ದರು. ಒಂದು ಕಾಲು ಮಡಿಚಿತ್ತು; ನೋವಿನ ಕಾಲು ಪೂರಾ ಮಡಿಚುತ್ತಿರಲಿಲ್ಲ, ಚಾಚಿಯೇ ಇತ್ತು. ಅದರ ಸುತ್ತ ಸೇವಂತಿಗೆಯ ಬುಟ್ಟಿಗಳು. ನೋಡಲು ಬಂದ ಸಂಘಮಿತ್ರಾಳಿಗೆ ಒಂದು ಮೊಳ ಮಲ್ಲಿಗೆ ಮುಡಿಸಿ, "ನೋಡವ್ವಾ, ಒಂದ್ ಉದ್ದ, ಒಂದ್ ಅಡ್ಡ. ನಿನ್ ಬುಕ್ಕಿನಂಗೇ ಕೂತಿವ್ನಿ," ಎಂದರು.

ನೀವೂ ನಾಳೆ ಯಾರದೋ ಕೈಗೆ ಒಂದು ಹಾಳೆ ಕೊಡುತ್ತೀರಿ. ಕೊಡುವ ಮೊದಲು ಅದರ ಅಕ್ಷರವನ್ನೆಲ್ಲ ಅಂಗೈಯಿಂದ ಮುಚ್ಚಿ ನೋಡಿ. ಯಾವುದು ಮೇಲೆ, ಯಾವುದು ಕೆಳಗೆ ತಿಳಿಯುತ್ತಿಲ್ಲವೇ? ಕೊಡಬೇಡಿ. ವಾಪಸ್ ಕೂತು ಸರಿಮಾಡಿ.