ನೀರು ಕುಡಿಯದ ಹಲಗೆ

ಮನೆ-ಬಾಗಿಲುಗಳಿಗೆ ಬಣ್ಣ ಹಚ್ಚುವ ಬಸವಕಲ್ಯಾಣದ ಸರ್ದಾರಬಿಯನ್ನು ಬಣ್ಣದವಳೆಂದು ಕರೆದವರಿಗೆ ಉತ್ತರ ಸಿಗುತ್ತಿರಲಿಲ್ಲ. ಕಸುಬಿನ ಗುರುವೆಂದು ಒಪ್ಪಿ ಉಸ್ತಾದ್ ಎಂದವರತ್ತ ಮಾತ್ರ ಅವಳು ತಿರುಗಿ ನೋಡುತ್ತಿದ್ದಳು. ತಂದೆಯ ಹಳೆಯ ಕುಂಚ ಸದಾ ಅವಳ ಸೊಂಟದಲ್ಲಿರುತ್ತಿತ್ತು. ಯಾರ ಬಣ್ಣ ಸುಲಿಯುವುದಿಲ್ಲವೋ ಅವರಿಗೇ ಆ ಕುಂಚ ಎಂಬುದು ಮನೆತನದ ಕಟ್ಟಳೆ. ತಮ್ಮ ಅಜೀಮ್ ಅದಕ್ಕಾಗಿ ವರ್ಷಗಳಿಂದ ಕಾದಿದ್ದ. ಕೇಳಿದಾಗಲೆಲ್ಲ ಅವಳದು ಒಂದೇ ಮಾತು: "ನಿನ್ನ ಕೈಗಿ ಇನ್ನಾ ಅವಸರ ಭಾಳ ಅದ."

ಕಳೆದ ಬೇಸಿಗೆಯಲ್ಲಿ ಹುಮನಾಬಾದಿನ ಹೆದ್ದಾರಿ ಬದಿಯ ಢಾಬಾದ ಮಾಲೀಕ ವೈಜಿನಾಥ ಅಕ್ಕ-ತಮ್ಮ ಇಬ್ಬರನ್ನೂ ಕರೆಸಿದ. ಅಂಗಳದಲ್ಲಿ ಹೊಸ ಜಗಲಿ. ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿ ಮಾಡಿದ ಹಲಗೆಗಳು. ಅವುಗಳ ಬೂದಿ ಬಣ್ಣ ಅವನಿಗೆ ಅಪಶಕುನವೆನಿಸಿತ್ತು; ಕೆಂಪು ಹಚ್ಚಿಸಬೇಕೆಂದಿದ್ದ. ಸರ್ದಾರಬಿ ಚೊಂಬಿನಿಂದ ನೀರು ಚೆಲ್ಲಿದಳು. ಎಣ್ಣೆ ಸವರಿದ ತಲೆಯ ಮೇಲಿನಂತೆ ಹನಿಗಳು ಗುಂಡಾಗಿ ಉರುಳಿದವು.

"ಸಾವ್ಕಾರ್ರ, ಇದು ನೀರೇ ಕುಡಿಯಾಕತ್ತಿಲ್ಲ, ಬಣ್ಣ ಹ್ಯಾಂಗ ಕುಡೀತದ? ಮ್ಯಾಲಿನ ಹೊಳಪು ಬಿಸಲಿಗಿ, ಮಳಿಗಿ ಸಾಯಬೇಕು. ಮಳಿಗಾಲ ಮುಗೀಲಿ, ಬರ್ತೀನಿ."

"ಮುಂದಿನ ವಾರ ಢಾಬಾ ತೆರಿಯಾಕತ್ತೀನಿ. ಹೆಣ್ಮಗಳ ಮಾತ ಕೇಳಿ ಮಳಿಗಾಲ ಕಾಯ್ಲಾ?" ವೈಜಿನಾಥ ಅವಳ ಡಬ್ಬಿಯನ್ನು ಒದ್ದ. ಕೆಂಪು ಬಣ್ಣ ಮಣ್ಣಿಗೆ ಹರಿಯಿತು. "ಅಜೀಮ್, ನೀ ಗಂಡಸು ಹೌದಲ್ಲ? ನೀ ಹಚ್ಚು."

"ಬ್ಯಾಡ," ಎಂದಳು ಅಕ್ಕ. ಅಜೀಮ್ ಹಚ್ಚಿದ.

ಬಸವಕಲ್ಯಾಣದಲ್ಲಿ ಹೊಸ ಬಾಗಿಲಿಗೆ ಬಣ್ಣಕ್ಕೆ ಮೊದಲು ಕುಸುಬೆ ಎಣ್ಣೆ ಉಣಿಸುವುದು ಅವರ ಮನೆತನದ ರೂಢಿ. ಸಾಗವಾನಿ ಅದನ್ನು ಉಣ್ಣುತ್ತದೆ. ಅಜೀಮ್ ಈ ಹಲಗೆಗಳಿಗೂ ಅದೇ ಉಪಚಾರ ಮಾಡಿದ. ಎಣ್ಣೆ ಮೇಲೆಯೇ ಉಳಿಯಿತು. ಎಣ್ಣೆಯ ಮೇಲೆ ಬಣ್ಣ ತೇಲಿತು.

ಕೆಲವೇ ವಾರಗಳಲ್ಲಿ ಬಣ್ಣ ಹಾಳೆ ಹಾಳೆಯಾಗಿ ಎದ್ದಿತು. ಒಂದು ಮಧ್ಯಾಹ್ನ ವೈಜಿನಾಥನೇ ಅದರ ಮೇಲೆ ಜಾರಿ ಬಿದ್ದು ತುಟಿ ಒಡೆದುಕೊಂಡ. ಊಟಕ್ಕೆ ಕುಳಿತಿದ್ದ ಲಾರಿ ಚಾಲಕನೊಬ್ಬ ನಕ್ಕ: "ಸಾವ್ಕಾರ್ರ, ನಿಮ್ಮ ಹಲಗಿ ಹಾವಿನಂಗ ಪೊರಿ ಬಿಡಾಕತ್ತದಲ್ರಿ!"

ಗಾಯಕ್ಕಿಂತ ಆ ನಗು ಹೆಚ್ಚು ಉರಿಸಿತು. ವೈಜಿನಾಥ ಅಜೀಮ್‌ನನ್ನು ಕರೆಸಿ, ಅವನ ಬಲಗೈಯನ್ನು ಅಡುಗೆಯವರಿಂದ ಅದೇ ಹಲಗೆಗೆ ಒತ್ತಿ ಹಿಡಿಸಿ, ತಂದೂರಿನ ಕಬ್ಬಿಣದ ಸಲಾಕೆಯಿಂದ ಮಣಿಕಟ್ಟು ಮುರಿದ.

ಸುದ್ದಿ ತಿಳಿದ ಸರ್ದಾರಬಿ ಸಿಕ್ಕ ಬಸ್ಸು ಹಿಡಿದು ಬಂದಳು. ಬಣ್ಣ ಕೆರೆಯುವ ಕಬ್ಬಿಣದ ಪಟ್ಟಿಯನ್ನು ವೈಜಿನಾಥನ ದವಡೆಗೆ ಬೀಸಿದಳು. ಅವನು ಕುಸಿದ ಮೇಲೂ ಬೀಸಿದಳು. ಅಡುಗೆಯವರು ಬಿಡಿಸುವಷ್ಟರಲ್ಲಿ ಅವನ ಮುಂದಿನ ಹಲ್ಲುಗಳು ಹಲಗೆಯ ಮೇಲಿದ್ದವು. ಯಾರೋ ಎಸೆದ ತಂಬಿಗೆ ತಗುಲಿ ಅವಳ ಹಣೆಯೂ ಒಡೆದಿತ್ತು.

ಠಾಣೆಗೆ ಹೋದರೆ ವೈಜಿನಾಥ, ಸರ್ದಾರಬಿ ಇಬ್ಬರೂ ಜೈಲು ಸೇರುವುದು ಖಂಡಿತವಿತ್ತು. ಅದಕ್ಕೇ ಹುಮನಾಬಾದಿನ ಕಾಳಿನ ಪೇಟೆಯ ಹಿರಿಯರು ಕುಳಿತು ತೀರ್ಮಾನಿಸಿದರು: ಕೈಯ ಚಿಕಿತ್ಸೆ ವೈಜಿನಾಥನದು, ಹಲಗೆಯ ಚಿಕಿತ್ಸೆ ಸರ್ದಾರಬಿಯದು. ಅವಳು ಸುಲಿದ ಬಣ್ಣವನ್ನು ಕೆರೆದು, ಸಾಬೂನು ನೀರಿನಿಂದ ಎಣ್ಣೆಯನ್ನು ತಿಕ್ಕಿ ತೊಳೆದು, ಹಲಗೆಗಳನ್ನು ಮಳೆಗೆ ಬೆತ್ತಲೆ ಬಿಟ್ಟು ಹೋದಳು.

ಮಳೆ ನಿಂತು ಬಿಸಿಲು ಹರಿದ ಮೇಲೆ ಇಬ್ಬರೂ ಮರಳಿ ಬಂದರು. ಅಜೀಮ್‌ನ ಬಲಗೈ ಸೊಟ್ಟಗೆ ಕೂಡಿತ್ತು; ಅದರಲ್ಲಿ ಕುಂಚ ನಿಲ್ಲುತ್ತಿರಲಿಲ್ಲ. ಈ ಸಲ ಎಡಗೈಯಿಂದ ನೀರು ಚೆಲ್ಲಿದವನು ಅವನೇ. ಬಯಲಿನ ಹಲಗೆಗಳು ನೀರನ್ನು ಹೀರಿ ಕಪ್ಪಾದವು. ತಗಡಿನ ಚಪ್ಪರದ ಕೆಳಗೆ, ಬಿಸಿಲು-ಮಳೆ ತಾಗದ ಹಲಗೆಗಳ ಮೇಲೆ, ಹನಿಗಳು ಇನ್ನೂ ಗುಂಡಾಗಿಯೇ ನಿಂತವು.

"ಬಯಲಿನವು ಒಣಗಿದ ಮ್ಯಾಲೆ ಹಚ್ತೀನ್ರಿ. ನೆಳ್ಳಿನವು ಇನ್ನಾ ತಯಾರಿಲ್ಲ," ಎಂದ ಅಜೀಮ್.

"ಅರ್ಧಾ ಕೆಂಪು, ಅರ್ಧಾ ಬೂದಿ? ಮಂದಿ ಮತ್ತ ನಗಬೇಕೇನು?" ವೈಜಿನಾಥ ಸಲಾಕೆ ಎತ್ತಿದ. "ಎಲ್ಲಾ ಹಚ್ಚು. ಇಲ್ಲಂದ್ರ ಆ ಕೈನೂ ಉಳಿಯಾಂಗಿಲ್ಲ."

ಸರ್ದಾರಬಿಯ ಕೈ ಬಣ್ಣ ಕೆರೆಯುವ ಪಟ್ಟಿಯತ್ತ ಹೋಯಿತು. ಆದರೆ ಅವಳು ತಮ್ಮನ ಮುಖ ನೋಡಿ ತಡೆದುಕೊಂಡಳು. ಅಜೀಮ್ ಮಂಡಿಯೂರಿ, ಎಡಗೈಯನ್ನು ತಾನಾಗಿಯೇ ಹಲಗೆಯ ಮೇಲೆ ಚಾಚಿದ.

"ಮುರೀರಿ, ಸಾವ್ಕಾರ್ರ. ನೆಳ್ಳಿನ ಹಲಗಿಗಿ ಇವತ್ತ ಬಣ್ಣ ಇಲ್ಲ."

ಎತ್ತಿದ ಸಲಾಕೆಯೊಂದಿಗೇ ವೈಜಿನಾಥ ಬಾಗಿಲತ್ತ ತಿರುಗಿದ. ಅಡುಗೆಯವರು ಬಾಗಿಲಿಗೆ ಬಂದು ನಿಂತಿದ್ದರು. ಈ ಸಲ ಕೈ ಒತ್ತಿ ಹಿಡಿಯಲು ಯಾರೂ ಮುಂದೆ ಬರಲಿಲ್ಲ. ವೈಜಿನಾಥ ಸಲಾಕೆಯನ್ನು ಹಲಗೆಯ ಮೇಲೆ ಅಪ್ಪಳಿಸಿ, ಬೈಯುತ್ತ ಒಳಗೆ ಹೋದ.

ಸರ್ದಾರಬಿ ಸೊಂಟದ ಕುಂಚವನ್ನು ತೆಗೆದು ತಮ್ಮನ ಎಡಗೈಯಲ್ಲಿಟ್ಟಳು.

"ಏಳ್ರಿ, ಉಸ್ತಾದ್," ಎಂದಳು. "ಬಯಲಿನವು ಒಣಗಾಕತ್ತಾವ."